ಹಾರುವ ಗರುಡನಿಗೆ ಎಷ್ಟು ಎಂಎಂ ಬೇಕು?

ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹದ್ದು, ಗರುಡ, ಗಿಡುಗಗಳ ಹಾರಾಟದ ಫೋಟೊ ಕುರಿತವು. (ಎಂಎಂ ಎಂದರೆ ಲೆನ್ಸಿನ ಫೋಕಲ್ ಲೆಂತ್; ಹೆಚ್ಚಿದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಬರುತ್ತದೆ.) ಹೆಸರಿನ ಗೊಂದಲವನ್ನು ಮೊದಲೇ ಬಗೆಹರಿಸಿಬಿಡೋಣ. ನಮ್ಮಲ್ಲಿ ಗರುಡ ಎಂದರೆ ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯ ಬ್ರಾಹ್ಮಿಣಿ ಕೈಟ್. ಪೇಟೆಯ ಮೇಲೆ ಸುತ್ತುವ ಕಂದು ಹಕ್ಕಿ ಹದ್ದು. ಪಕ್ಷಿಶಾಸ್ತ್ರದ ಲೆಕ್ಕದಲ್ಲಿ ಇವೆರಡೂ ಈಗಲ್ ಅಲ್ಲ. ಆದರೆ ಹಾರಾಟದ ಫೋಟೊ ಕಲಿಯಲು ಇವುಗಳಷ್ಟು ಉದಾರವಾದ ಹಕ್ಕಿ ಇನ್ನೊಂದಿಲ್ಲ. ದಿನಕ್ಕೆ ನೂರು ಸಲ ತಪ್ಪಿದರೂ ನೂರಾ ಒಂದನೆಯ ಅವಕಾಶ ಕೊಡುತ್ತವೆ. ನಿಜವಾದ ಈಗಲ್‌ಗಳು ಅಷ್ಟು ಧಾರಾಳಿಗಳಲ್ಲ.

ಪ್ರಶ್ನೆ: ನನ್ನ ಹತ್ತಿರ ಕೆನಾನ್ ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಬಾಡಿ, 55-250 ಎಂಎಂ ಲೆನ್ಸ್ ಇವೆ. ಗರುಡ ಚುಕ್ಕೆಯಷ್ಟೇ ಬರುತ್ತದೆ. 600 ಎಂಎಂ ಕೊಳ್ಳಲೇಬೇಕೆ? (ಮಲ್ಪೆ)

ಕೊಳ್ಳುವ ಮುಂಚೆ ಒಂದು ಸಣ್ಣ ಗುಣಾಕಾರ ಮಾಡಿ. ಹಕ್ಕಿಯ ರೆಕ್ಕೆಯಗಲವನ್ನು ಮೀಟರಿನಲ್ಲಿ ಹಿಡಿದು ಲೆನ್ಸಿನ ಎಂಎಂನಿಂದ ಗುಣಿಸಿ, ದೂರದ ಮೀಟರಿನಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಹಕ್ಕಿ ಎಷ್ಟು ಮಿಲಿಮೀಟರ್ ಬೀಳುತ್ತದೆಂದು ಸಿಗುತ್ತದೆ. ಗರುಡನ ರೆಕ್ಕೆಯಗಲ ಸುಮಾರು 1.2 ಮೀಟರ್. 100 ಮೀಟರ್ ದೂರದಲ್ಲಿ 250 ಎಂಎಂಗೆ ಅದು 3 ಮಿಲಿಮೀಟರ್. ನಿಮ್ಮ ಸೆನ್ಸರಿನ ಅಗಲ 22.3 ಮಿಲಿಮೀಟರ್, ಅಂದರೆ ಹಕ್ಕಿ ಚೌಕಟ್ಟಿನ ಏಳನೇ ಒಂದು ಪಾಲು. 600 ಎಂಎಂ ಹಾಕಿದರೆ 7.2 ಮಿಲಿಮೀಟರ್, ಮೂರನೇ ಒಂದು ಪಾಲು. ಇನ್ನು ಅದೇ 250 ಎಂಎಂ ಹಿಡಿದು 40 ಮೀಟರಿಗೆ ಹೋಗಿ ನಿಂತರೆ 7.5 ಮಿಲಿಮೀಟರ್. ಅರವತ್ತು ಮೀಟರ್ ನಡಿಗೆ 600 ಎಂಎಂ ಲೆನ್ಸಿನ ಕೆಲಸ ಮಾಡಿತು.

ಮಲ್ಪೆಯಲ್ಲಿರುವವರಿಗೆ ಈ ನಡಿಗೆ ಕಷ್ಟವೇ ಅಲ್ಲ. ಧಕ್ಕೆಯಲ್ಲಿ ಬೋಟು ಮೀನು ಇಳಿಸುವಾಗ ಗರುಡಗಳು 15-20 ಮೀಟರಿಗೆ ಬರುತ್ತವೆ. 20 ಮೀಟರಿನಲ್ಲಿ ನಿಮ್ಮ 250 ಎಂಎಂ ಚೌಕಟ್ಟಿನ ಮೂರನೇ ಎರಡು ಪಾಲನ್ನು ತುಂಬುತ್ತದೆ. ಅದಕ್ಕಿಂತ ದೊಡ್ಡದಾದರೆ ರೆಕ್ಕೆ ತುಂಡಾಗುತ್ತದೆ.

ಎಲ್ಲಿ ನಿಲ್ಲಬೇಕು ಎಂಬುದು ಎಂಎಂಗಿಂತ ದೊಡ್ಡ ಪ್ರಶ್ನೆ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿಯೂ ಬಿಸಿಲೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ಬೆಳಗಿದ ಮುಖ ಹೊತ್ತು ನಿಮ್ಮತ್ತಲೇ ಬರುತ್ತದೆ. ಕರಾವಳಿಯ ಚಳಿಗಾಲದ ಬೆಳಗಿನಲ್ಲಿ ನೆಲದ ಕಡೆಯಿಂದ ಕಡಲಿಗೆ ಮೂಡಣ ಗಾಳಿ, ಸೂರ್ಯನೂ ಮೂಡಣದಲ್ಲಿ. ಧಕ್ಕೆಯ ಪೂರ್ವ ಬದಿಯಲ್ಲಿ ಕಡಲಿಗೆ ಮುಖ ಮಾಡಿ ನಿಲ್ಲಿ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಪಡುವಣದಿಂದ ಬೀಸುತ್ತದೆ, ಸೂರ್ಯನೂ ಅಲ್ಲಿಗೆ ಹೋಗಿರುತ್ತಾನೆ. ಆಗ ಕಡಲಿಗೆ ಬೆನ್ನು ಹಾಕಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಹಾಗಾಗಿ ಧಕ್ಕೆಯಲ್ಲಿ ಹಕ್ಕಿಯೂ ಕಡಿಮೆ, ಬೆಳಕೂ ಕಡಿಮೆ. ಮೀನು ಹೊರುವವರ ದಾರಿಗೆ ಅಡ್ಡ ನಿಲ್ಲಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ.

ಪ್ರಶ್ನೆ: ಒಂದೂವರೆ ಲಕ್ಷದೊಳಗೆ ಹೊಸದಾಗಿ ಶುರು ಮಾಡಬೇಕು. ಬಳಸಿದ ನಿಕಾನ್ ಡಿ500 ಮತ್ತು 200-500 ಲೆನ್ಸ್ ಕೊಳ್ಳಲೋ, ಹೊಸ ಕೆನಾನ್ ಆರ್10 ಮತ್ತು ಆರ್‌ಎಫ್ 100-400 ಕೊಳ್ಳಲೋ? (ದಾವಣಗೆರೆ)

ಎರಡೂ ಒಳ್ಳೆಯ ಜೋಡಿ, ಆದರೆ ಒಂದೇ ಕೆಲಸಕ್ಕಲ್ಲ. ಮೊದಲು ತಕ್ಕಡಿಗೆ ಹಾಕಿ. ಡಿ500 ಬಾಡಿ ಬ್ಯಾಟರಿ ಸೇರಿ 860 ಗ್ರಾಂ, ಕಾಲರ್ (ಟ್ರೈಪಾಡಿಗೆ ಕೂರಿಸುವ ಪಟ್ಟಿ) ಸಮೇತ 200-500 ಲೆನ್ಸ್ 2300 ಗ್ರಾಂ. ಒಟ್ಟು ಮೂರು ಕಿಲೋ ದಾಟಿತು. ಆರ್10 ಬ್ಯಾಟರಿ ಸೇರಿ 430 ಗ್ರಾಂನ ಆಸುಪಾಸು, 100-400 ಲೆನ್ಸ್ 635 ಗ್ರಾಂ. ಒಂದು ಕಿಲೋ ಚಿಲ್ಲರೆ. ಹಾರುವ ಹಕ್ಕಿಗೆ ಕ್ಯಾಮೆರಾ ಎತ್ತುವುದು ಒಂದು ಸಲವಲ್ಲ, ಬೆಳಗಿನಲ್ಲಿ ಇನ್ನೂರು ಸಲ. ಮೂರು ಕಿಲೋ ಎತ್ತಿದ ಕೈ ಅರ್ಧ ಗಂಟೆಯಲ್ಲಿ ತಡವಾಗಿ ಏಳತೊಡಗುತ್ತದೆ, ಆ ಅರ್ಧ ಸೆಕೆಂಡಿನಲ್ಲಿ ಹಕ್ಕಿ ದಾಟಿರುತ್ತದೆ.

ಇನ್ನೊಂದು ಬದಿ ನೋಡಿ. 200-500 ತನ್ನ ತುದಿಯಲ್ಲೂ ಎಫ್/5.6, ಆರ್‌ಎಫ್ 100-400 ತುದಿಯಲ್ಲಿ ಎಫ್/8. ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಒಂದು ಸ್ಟಾಪ್ ವ್ಯತ್ಯಾಸ ಎಂದರೆ ಬೆಳಕು ಅರ್ಧ, ಅದೇ ಶಟರ್ ವೇಗಕ್ಕೆ ಸೆನ್ಸರಿನ ಸಂವೇದನೆಯ ಅಂಕಿಯಾದ ಐಎಸ್‌ಒ ಇಮ್ಮಡಿ. ಬಯಲಿನ ಬಿಸಿಲಿನಲ್ಲಿ ಅದು ಲೆಕ್ಕಕ್ಕಿಲ್ಲ. ಮಲೆನಾಡಿನ ಕಾಡಂಚಿನಲ್ಲಿ ಬೆಳಿಗ್ಗೆ ಏಳಕ್ಕೆ 3200 ಇದ್ದದ್ದು 6400 ಆದಾಗ ಗರಿಯ ಗೆರೆಗಳು ಮಾಯವಾಗುತ್ತವೆ. ಆರ್10ರಲ್ಲಿ ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಫೋಕಸ್, ಸೆಕೆಂಡಿಗೆ 15 ಫ್ರೇಂ. ಡಿ500ರದು 2016ರ ತಂತ್ರಜ್ಞಾನ, ಸೆಕೆಂಡಿಗೆ 10 ಫ್ರೇಂ, ಕಣ್ಣು ಹುಡುಕದು. ಆದರೆ ಅದರ 153 ಬಿಂದುಗಳ ಫೋಕಸ್ ಇವತ್ತಿಗೂ ಬಿಡದೆ ಹಿಡಿಯುತ್ತದೆ, ವ್ಯೂಫೈಂಡರ್ ಕನ್ನಡಿಯದಾದ್ದರಿಂದ ನೋಟದಲ್ಲಿ ತಡವಿಲ್ಲ.

ದಾವಣಗೆರೆಯ ಸುತ್ತಲಿನ ಕೆರೆ, ಹೊಲ, ಕುರುಚಲು ಬಯಲಿಗೆ ನಮ್ಮ ಮತ ಹಗುರ ಜೋಡಿಗೆ. ಉಳಿದ ಹಣದಲ್ಲಿ ಎರಡು ಹೆಚ್ಚುವರಿ ಬ್ಯಾಟರಿ (ಆರ್10ರ ಬ್ಯಾಟರಿ ಚಿಕ್ಕದು, ಬೇಗ ಮುಗಿಯುತ್ತದೆ) ಮತ್ತು ಒಂದು ವೇಗದ ಯುಎಚ್‌ಎಸ್-2 ಕಾರ್ಡ್ ಕೊಳ್ಳಿ. ನಿಧಾನದ ಕಾರ್ಡಿದ್ದರೆ ಗರುಡ ಮೀನಿಗೆ ಎರಗುವ ಹೊತ್ತಿಗೇ ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ತುಂಬಿ ಕ್ಯಾಮೆರಾ ಸುಮ್ಮನಾಗುತ್ತದೆ.

ಬಳಸಿದ ಲೆನ್ಸಿನತ್ತಲೇ ಮನಸ್ಸು ವಾಲಿದರೆ ಅಂಗಡಿಗೆ ಟಾರ್ಚ್ ಒಯ್ಯಿರಿ. ಮೌಂಟಿನ ಕಡೆಯಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ: ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಜೇಡರ ಬಲೆಯಂಥ ಎಳೆ ಕಂಡರೆ ಬೂಜು, ವಾಪಸು ಕೊಟ್ಟುಬಿಡಿ. ಜೂಮ್ ತಿರುವುವಾಗ ಒಂದೆಡೆ ಸಡಿಲ, ಒಂದೆಡೆ ಬಿಗಿ ಇದ್ದರೆ ಬಿದ್ದ ಲೆನ್ಸ್ ಇರಬಹುದು. ಬಾಡಿಯ ಶಟರ್ ಎಣಿಕೆ ಕೇಳಿ. ಡಿ500ರ ಶಟರಿಗೆ ತಯಾರಕರು ಹೇಳುವ ಬಾಳಿಕೆ 2 ಲಕ್ಷ. ಕೊನೆಗೆ 500 ಎಂಎಂ, ಎಫ್/5.6ರಲ್ಲಿ 20 ಮೀಟರ್ ದೂರದ ಅಂಗಡಿ ಬೋರ್ಡನ್ನು ಟ್ರೈಪಾಡ್ ಮೇಲಿಟ್ಟು ತೆಗೆಯಿರಿ: ಒಮ್ಮೆ ವ್ಯೂಫೈಂಡರಿನಿಂದ, ಒಮ್ಮೆ ಲೈವ್ ವ್ಯೂನಿಂದ (ಹಿಂದಿನ ಪರದೆ ನೋಡಿ). ಲೈವ್ ವ್ಯೂನದು ಚೂಪು, ವ್ಯೂಫೈಂಡರಿನದು ಮಂದ ಇದ್ದರೆ ಲೆನ್ಸ್ ಕೆಟ್ಟಿಲ್ಲ. ಫೋಕಸ್ ಹಿಂದುಮುಂದಾಗಿದೆ, ಬಾಡಿಯ ಫೈನ್ ಟ್ಯೂನ್‌ನಿಂದ ಸರಿಹೋಗುತ್ತದೆ. ಎರಡೂ ಮಂದ ಇದ್ದರೆ ನಮಸ್ಕಾರ ಹೇಳಿ ಬನ್ನಿ.

ಬಾಡಿಗೂ ಲೆನ್ಸಿಗೂ ನಡುವೆ ಟೆಲಿಕನ್ವರ್ಟರ್ ಎಂಬ ಹೆಚ್ಚುವರಿ ಗಾಜು ಹಾಕಿ ಉದ್ದ ಮಾಡುವ ಆಸೆ ಬಿಡಿ. 2ಎಕ್ಸ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಎಫ್/6.3 ಇದ್ದದ್ದು ಎಫ್/13 ಆದಮೇಲೆ ಹಾರುವ ಹಕ್ಕಿಗೆ ಫೋಕಸ್ ತಡಕಾಡುತ್ತದೆ. 3000 ಎಂಎಂ ಸಮಾನ ಎಂದು ಹೇಳಿಕೊಳ್ಳುವ ಸೂಪರ್‌ಜೂಮ್‌ಗಳು ಕೊಂಬೆಯ ಮೇಲೆ ಕೂತ ಹಕ್ಕಿಗೆ ಸರಿ, ಹಾರಾಟಕ್ಕಲ್ಲ.

ಪ್ರಶ್ನೆ: ಆಕಾಶದ ಹಕ್ಕಿ ಕರಿ ಬೊಂಬೆಯಂತೆ ಬರುತ್ತದೆ. ಬೆಳಕು ಹೆಚ್ಚಿಸಿದರೆ ಗುಡ್ಡದ ಮುಂದೆ ಹಾರುವಾಗ ಗರುಡನ ತಲೆ ಸುಣ್ಣ ಬಳಿದಂತಾಗುತ್ತದೆ. (ಶಿರಸಿ)

ಕ್ಯಾಮೆರಾದ ಮೀಟರು ಕಂಡದ್ದನ್ನೆಲ್ಲ ನಡು ಬೂದು ಮಾಡಲು ಹೊರಡುತ್ತದೆ. ಚೌಕಟ್ಟಿನ ತುಂಬ ಬಿಳಿ ಮೋಡವಿದ್ದರೆ ಮೋಡವನ್ನು ಬೂದು ಮಾಡುತ್ತದೆ, ಹಕ್ಕಿ ಕಪ್ಪಾಗುತ್ತದೆ. ಹಿಂದೆ ಕಪ್ಪು ಕಾಡಿದ್ದರೆ ಕಾಡನ್ನು ಬೂದು ಮಾಡುತ್ತದೆ, ಬಿಳಿ ತಲೆ ಸುಟ್ಟುಹೋಗುತ್ತದೆ. ಹಕ್ಕಿಯ ಮೇಲೆ ಬೀಳುವ ಬೆಳಕು ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಬಿಸಿಲು ಸ್ಥಿರವಾಗಿದ್ದಾಗ ಪೂರ್ತಿ ಮ್ಯಾನುಯಲ್‌ಗೆ ಹೋಗಿ, ಆಟೊ ಐಎಸ್‌ಒ ಕೂಡ ಆರಿಸಿ.

ನಿಚ್ಚಳ ಬಿಸಿಲಿಗೆ ಹಳೆಯ ಫಿಲ್ಮ್ ಕಾಲದ ಸೂತ್ರ ಇವತ್ತಿಗೂ ನಡೆಯುತ್ತದೆ: ಎಫ್/16ರಲ್ಲಿ ಶಟರ್ ವೇಗ ಐಎಸ್‌ಒದಷ್ಟೇ. ಐಎಸ್‌ಒ 400ಕ್ಕೆ 1/400. ಅಲ್ಲಿಂದ ಎಫ್/6.3ಕ್ಕೆ ಬಂದರೆ 1/2500. ಅಂದರೆ ಐಎಸ್‌ಒ 400, ಎಫ್/6.3, 1/2500, ಹಾರುವ ಹಕ್ಕಿಗೆ ಹೇಳಿ ಮಾಡಿಸಿದ ಅಂಕಿ. ಬೆಳಗಿನ ಎಂಟರ ಎಳೆ ಬಿಸಿಲಿಗೆ ಐಎಸ್‌ಒ 800 ಮಾಡಿ. ಗರುಡನ ಬಿಳಿ ತಲೆ ನೇರ ಬಿಸಿಲಿನಲ್ಲಿದ್ದರೆ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ, ಪ್ಲೇಬ್ಯಾಕಿನಲ್ಲಿ ತಲೆ ಮಿನುಗುವುದು (ಬಿಳಿ ಸುಟ್ಟದ್ದರ ಎಚ್ಚರಿಕೆ) ನಿಂತಿತೇ ನೋಡಿ. ಕಪ್ಪು ಭಾಗವನ್ನು ರಾ ಫೈಲಿನಿಂದ (ಕ್ಯಾಮೆರಾ ತಿದ್ದದ ಮೂಲ ಫೈಲ್) ಒಂದು, ಒಂದೂವರೆ ಸ್ಟಾಪ್ ಎತ್ತಬಹುದು. ಸುಟ್ಟ ಬಿಳಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರದು.

ಮೋಡ ಬಂದು ಹೋಗುವ ಶಿರಸಿಯಂಥ ಕಡೆ ಮ್ಯಾನುಯಲ್ ಹಟ ಬೇಡ. ಶಟರ್, ಅಪರ್ಚರ್ (ಎಫ್ ಅಂಕಿ) ಕಟ್ಟಿಹಾಕಿ, ಐಎಸ್‌ಒ ಆಟೊ ಬಿಟ್ಟು, ಬೆಳಕು ಹೆಚ್ಚುಕಡಿಮೆ ಮಾಡುವ ಕಾಂಪೆನ್ಸೇಶನ್ ಗಾಲಿಯ ಮೇಲೆ ಹೆಬ್ಬೆರಳಿಡಿ. ಬಿಳಿ ಮೋಡದ ಮುಂದೆ ಒಂದೂಕಾಲರಿಂದ ಎರಡು ಸ್ಟಾಪ್ ಹೆಚ್ಚು, ನೀಲಿ ಆಕಾಶದ ಮುಂದೆ ಅರ್ಧ ಸ್ಟಾಪ್ ಹೆಚ್ಚು, ಕಪ್ಪು ಗುಡ್ಡದ ಮುಂದೆ ಮುಕ್ಕಾಲು ಸ್ಟಾಪ್ ಕಡಿಮೆ. ನಡು ಮಧ್ಯಾಹ್ನ ಮಾತ್ರ ಯಾವ ಅಂಕಿಯೂ ಕೆಲಸ ಮಾಡದು, ರೆಕ್ಕೆಯ ಅಡಿಗೆ ಬೆಳಕೇ ಬೀಳುವುದಿಲ್ಲ. ಕೆಳಗೆ ನೀರೋ ಬಿಳಿ ಮರಳೋ ಇದ್ದು ಬೆಳಕು ಮೇಲಕ್ಕೆ ಚಿಮ್ಮಿದರೆ ಅದೊಂದೇ ಅಪವಾದ.

ಪ್ರಶ್ನೆ: ಎಲೆಕ್ಟ್ರಾನಿಕ್ ಶಟರಿನಲ್ಲಿ 1/4000 ಇಟ್ಟರೂ ಹದ್ದಿನ ರೆಕ್ಕೆ ರಬ್ಬರಿನಂತೆ ಬಾಗಿ ಬರುತ್ತದೆ. (ಬೆಂಗಳೂರು)

1/4000 ಎಂಬುದು ಸೆನ್ಸರಿನ ಒಂದೊಂದು ಸಾಲಿಗೆ ಬೆಳಕು ಬೀಳುವ ಅವಧಿ. ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿ ಮುಗಿಸಲು ಸಾಮಾನ್ಯ ಸೆನ್ಸರಿಗೆ 1/30 ಸೆಕೆಂಡಿನ ಆಸುಪಾಸು ಹಿಡಿಯಬಹುದು. ಮೊದಲ ಸಾಲು ಓದುವಾಗ ಮೇಲಿದ್ದ ರೆಕ್ಕೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕೆಳಗಿಳಿದಿರುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ಕಾಯಿಲೆ ವಾಸಿ. ನಿಕಾನ್ ಜೆಡ್8, ಜೆಡ್9, ಸೋನಿ ಎ1, ಕೆನಾನ್ ಆರ್5 ಮಾರ್ಕ್ 2 ಮೊದಲಾದವುಗಳ ಸ್ಟ್ಯಾಕ್ಡ್ ಸೆನ್ಸರ್ ತೀರಾ ಬೇಗ ಓದುವುದರಿಂದ ಅಲ್ಲಿ ಈ ತೊಂದರೆ ಕಾಣುವಷ್ಟಿರುವುದಿಲ್ಲ. ಅವುಗಳ ಹೆಚ್ಚಿನ ಬೆಲೆಗೆ ಇದೂ ಒಂದು ಕಾರಣ.

ಪ್ರಶ್ನೆ: ಹೊಸ 150-600 ಕೊಂಡೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಹೊಲದ ಮೇಲೆ ಗಿರಕಿ ಹೊಡೆಯುವ ಈಗಲ್‌ಗಳ ಸಾವಿರ ಫೋಟೊ ತೆಗೆದೆ. ಒಂದೂ ಚೂಪಾಗಿಲ್ಲ. ಲೆನ್ಸ್ ಬದಲಿಸಿ ಕೊಡಿ ಎಂದು ಕೇಳಲೇ? (ಬಳ್ಳಾರಿ)

ಕೇಳುವ ಮುಂಚೆ ಕಂಪ್ಯೂಟರಿನಲ್ಲಿ ಒಂದೇ ಬರ್ಸ್ಟಿನ (ಬಟನ್ ಒತ್ತಿ ಹಿಡಿದು ಸರಣಿಯಾಗಿ ತೆಗೆದ) ಹತ್ತು ಫೋಟೊಗಳನ್ನು ನೂರಕ್ಕೆ ನೂರು ಗಾತ್ರದಲ್ಲಿ ಸಾಲಾಗಿ ನೋಡಿ. ದೇಹ ಚೂಪು, ರೆಕ್ಕೆಯ ತುದಿ ಮಾತ್ರ ಮಸುಕು ಇದ್ದರೆ ಶಟರ್ ಸಾಲದು. ಚೌಕಟ್ಟಿನಲ್ಲಿರುವುದೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದೆ. ಹಕ್ಕಿ ಮಸುಕಾಗಿ ಅದರ ಹಿಂದಿನ ಹುಲ್ಲೋ ಕೊಂಬೆಯೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಇವು ಯಾವುವೂ ಅಲ್ಲದೆ ಒಂದು ಫ್ರೇಮಿನಲ್ಲಿ ಕೊಕ್ಕು ಸುಮಾರಾಗಿ ಕಂಡು ಮುಂದಿನದರಲ್ಲಿ ಅಲೆಯಂತೆ ಕದಡಿ, ಅಂಚುಗಳು ಎರಡೆರಡಾಗಿ ಕಾಣುತ್ತಿದ್ದರೆ, ತಪ್ಪು ಲೆನ್ಸಿನದಲ್ಲ, ಗಾಳಿಯದು. ಡಾಂಬರು ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಸುವ ಅದೇ ಕಾವು ನಿಮಗೂ ಹಕ್ಕಿಗೂ ನಡುವೆ ನಿಂತಿದೆ. ನಿಮ್ಮ ಹೊತ್ತು ನೋಡಿದರೆ ನಮ್ಮ ಅನುಮಾನ ಇದರ ಮೇಲೆಯೇ.

ಖಾತ್ರಿ ಮಾಡಿಕೊಳ್ಳುವುದು ಸುಲಭ. 100 ಮೀಟರ್ ದೂರದ ವಿದ್ಯುತ್ ಕಂಬದ ಪಿಂಗಾಣಿ ಇನ್ಸುಲೇಟರನ್ನು ಟ್ರೈಪಾಡ್ ಮೇಲಿಂದ ಬೆಳಿಗ್ಗೆ ಆರೂವರೆಗೊಮ್ಮೆ, ಹನ್ನೊಂದಕ್ಕೊಮ್ಮೆ ತೆಗೆಯಿರಿ. ಬೆಳಗಿನದು ಚೂಪಾಗಿದ್ದರೆ ಲೆನ್ಸ್ ಸರಿಯಿದೆ.

ಇಲ್ಲಿರುವ ಇಕ್ಕಟ್ಟು ಏನೆಂದರೆ, ಈಗಲ್ ಗಿರಕಿ ಹೊಡೆಯುತ್ತ ಮೇಲೇರುವುದೇ ಆ ಬಿಸಿಗಾಳಿಯ ಕಂಬವನ್ನು ಹಿಡಿದು. ನೆಲ ಕಾಯ್ದಮೇಲೆಯೇ ಅದು ಏಳುವುದು, ನೆಲ ಕಾಯ್ದಮೇಲೆ ನಿಮ್ಮ ಫೋಟೊ ಕೆಡುವುದು. ಆದ್ದರಿಂದ ಏರಿದ ಹಕ್ಕಿಯ ಬೆನ್ನು ಹತ್ತಬೇಡಿ, ಏಳುವ ಮುಂಚಿನ ಹಕ್ಕಿಯ ಹತ್ತಿರ ಕಾಯಿರಿ. ಅಕ್ಟೋಬರಿನಿಂದ ಮಾರ್ಚಿನವರೆಗೆ ಉತ್ತರದಿಂದ ಬರುವ ಈಗಲ್‌ಗಳೂ ಇಲ್ಲಿಯವೂ ಬೆಳಗಿನ ಮೊದಲ ಒಂದೆರಡು ಗಂಟೆ ಕಂಬ, ಬಂಡೆ, ಬದುವಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತವೆ. ಹಾರುವ ಮುಂಚೆ ಅದು ಸುಳಿವು ಕೊಡುತ್ತದೆ: ಮೈ ಕೊಡವುತ್ತದೆ, ಹಿಕ್ಕೆ ಹಾಕುತ್ತದೆ, ಗರಿ ಮೈಗೆ ಅಂಟಿಸಿಕೊಂಡು ಮುಂದಕ್ಕೆ ಬಾಗುತ್ತದೆ. ಹಿಕ್ಕೆ ಹಾಕಿದ್ದು ಕಂಡೊಡನೆ ಜೂಮ್ ಸ್ವಲ್ಪ ಹಿಂದೆ ತನ್ನಿ, ರೆಕ್ಕೆ ಬಿಚ್ಚಿದರೆ ಚೌಕಟ್ಟು ಸಾಲಬೇಕಲ್ಲ. ಶಟರ್ 1/3200ಕ್ಕೆ ಏರಿಸಿ, ಗಾಳಿ ಬರುವ ದಿಕ್ಕಿನತ್ತ ಜಾಗ ಬಿಟ್ಟು ಕಾಯಿರಿ. ಪ್ರಿ-ಕ್ಯಾಪ್ಚರ್ ಇರುವ ಬಾಡಿಯಾದರೆ ಅದನ್ನು ಹಚ್ಚಿಡಿ. ಬಟನ್ ಒತ್ತುವ ಮುಂಚಿನ ಅರ್ಧ ಸೆಕೆಂಡಿನಷ್ಟು ಫ್ರೇಮುಗಳು ಉಳಿಯುತ್ತವೆ.

ಕಾವು ಅತಿ ಹೆಚ್ಚು ಕದಡುವುದು ನೆಲದಿಂದ ಮೊದಲ ಕೆಲವು ಮೀಟರಿನಲ್ಲಿ. ಗುಡ್ಡದ ಮೇಲೆ ನಿಂತು ಕಣಿವೆಯ ಮೇಲಿಂದ ತೆಗೆದರೆ ಹತ್ತು ಗಂಟೆಗೂ ಫೋಟೊ ಉಳಿಯುತ್ತದೆ. ಉತ್ತ ಕರಿ ಹೊಲ, ಬಂಡೆ, ಟಾರು ರಸ್ತೆಯ ಮೇಲಿಂದ ಓರೆಯಾಗಿ ತೆಗೆದರೆ ಎಂಟೂವರೆಗೇ ಕೆಡುತ್ತದೆ. ಕಾರಿನ ಕಿಟಕಿಯಿಂದ ತೆಗೆಯುವವರು ಎಸಿ ಹಾಕಿಕೊಂಡು ಗಾಜು ಇಳಿಸಿದರೆ ಒಳಗಿನ ತಂಪೂ ಹೊರಗಿನ ಕಾವೂ ಕಿಟಕಿಯಲ್ಲೇ ಕಲೆತು ಅಲೆ ಏಳುತ್ತವೆ. ಹತ್ತು ನಿಮಿಷ ಮೊದಲೇ ಎಲ್ಲ ಗಾಜು ಇಳಿಸಿ, ಎಂಜಿನ್ ಆರಿಸಿ. ಲೆನ್ಸಿನ ಮೂತಿಯ ನೆರಳು-ಕೊಳವೆಯಾದ ಉದ್ದ ಹುಡ್‌ನೊಳಗೂ ಬಿಸಿಗಾಳಿ ನಿಲ್ಲುತ್ತದೆ, ಒಮ್ಮೆ ತೆಗೆದು ನೋಡಿ.

ನಿಮ್ಮ ಸೀಮೆಯಲ್ಲೊಂದು ಅನುಕೂಲವೂ ಇದೆ. ಶಾರ್ಟ್-ಟೋಡ್ ಸ್ನೇಕ್ ಈಗಲ್ ಎಂಬ ಹಾವುಗಿಡುಗ ಗಾಳಿಗೆ ಎದುರಾಗಿ ಆಕಾಶದಲ್ಲಿ ನಿಂತಲ್ಲೇ ನಿಂತು ನೆಲ ನೋಡುತ್ತದೆ. ಇಷ್ಟು ದೊಡ್ಡ ಹಕ್ಕಿ ಹೀಗೆ ತೂಗಿ ನಿಲ್ಲುವುದು ಅಪರೂಪ. ಅದು ನಿಂತ ಜಾಗವನ್ನು ಗುರುತಿಟ್ಟುಕೊಳ್ಳಿ. ಅದೇ ಹೊಲದ ಮೇಲೆ ಮತ್ತೆ ಬಂದು ನಿಲ್ಲುವುದುಂಟು.

ಪ್ರಶ್ನೆ: ಭದ್ರಾ ಹಿನ್ನೀರಿನಲ್ಲಿ ಆಸ್ಪ್ರೇ (ಮೀನು ಹಿಡಿಯುವ ಗಿಡುಗ) ನೀರಿಗೆ ಬೀಳುವಾಗ ಫೋಕಸ್ ಹಿಂದಿನ ಗುಡ್ಡಕ್ಕೆ ಹಾರಿಬಿಡುತ್ತದೆ. (ಶಿವಮೊಗ್ಗ)

ಬರಿ ಆಕಾಶದ ಮುಂದೆ ಫೋಕಸ್ ಚೌಕ ದೊಡ್ಡದಿರಲಿ, ಅಲ್ಲಿ ಹಕ್ಕಿ ಬಿಟ್ಟು ಹಿಡಿಯಲು ಬೇರೇನೂ ಇಲ್ಲ. ಗುಡ್ಡವೋ ಅಲೆಯೋ ಹಿಂದೆ ಬಂತೆಂದರೆ ಚಿಕ್ಕ ಜೋನ್‌ಗೆ ಬದಲಿಸಿ. ಈ ಎರಡನ್ನೂ ಎರಡು ಬೇರೆ ಬಟನ್‌ಗಳಿಗೆ ಹಂಚಿಡಬಹುದು. ಇಂದಿನ ಬಹುತೇಕ ಬಾಡಿಗಳಲ್ಲಿ ಆ ಸೌಲಭ್ಯ ಇದೆ. ಮುಂದೆ ಏನಾದರೂ ಅಡ್ಡ ಬಂದರೆ ಫೋಕಸ್ ಎಷ್ಟು ಬೇಗ ಅದಕ್ಕೆ ಹಾರಬೇಕು ಎಂಬ ಸೆಟ್ಟಿಂಗ್ ಒಂದಿದೆ. ಕೆನಾನಿನಲ್ಲಿ ಅದು ಕೇಸ್ 2, ನಿಕಾನಿನಲ್ಲಿ ಬ್ಲಾಕ್ಡ್ ಶಾಟ್ ರೆಸ್ಪಾನ್ಸ್, ಸೋನಿಯಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ. ಅದನ್ನು ನಿಧಾನದ ಕಡೆಗೆ ತಿರುಗಿಸಿ. ಲೆನ್ಸಿನ ಮೇಲಿನ ಫೋಕಸ್ ಲಿಮಿಟರನ್ನು ದೂರದ ಕಡೆಗೆ ಹಾಕಿ, ಫೋಕಸ್ ಮೂಗಿನ ತುದಿಯವರೆಗೆ ಓಡಿ ಬರುವ ವ್ಯರ್ಥ ಪಯಣ ತಪ್ಪುತ್ತದೆ.

ಇಷ್ಟಾದರೂ ಗುಡ್ಡಕ್ಕೆ ಹಾರಿದರೆ ಒತ್ತಿ ಹಿಡಿದೇ ಕೂರಬೇಡಿ. ಬಿಟ್ಟು, ಹಕ್ಕಿಯ ಮೇಲೆ ಚೌಕ ತಂದು, ಮತ್ತೆ ಒತ್ತಿ. ಫೋಕಸನ್ನು ಶಟರ್ ಬಟನ್‌ನಿಂದ ಬೇರ್ಪಡಿಸಿ ಹಿಂದಿನ ಎಎಫ್-ಆನ್ ಬಟನ್‌ಗೆ ಕೊಟ್ಟಿದ್ದರೆ ಇದು ಹೆಬ್ಬೆರಳಿನ ಒಂದು ಕುಣಿತ ಅಷ್ಟೇ. ಹಕ್ಕಿ ಬರುವ ಮುಂಚೆ ಸುಮಾರು ಅಷ್ಟೇ ದೂರದ ಒಣ ಮರದ ಬೊಡ್ಡೆಗೆ ಒಮ್ಮೆ ಫೋಕಸ್ ಮಾಡಿಟ್ಟುಕೊಳ್ಳಿ. ಲೆನ್ಸ್ ತೀರಾ ಹತ್ತಿರಕ್ಕೆ ನಿಂತುಬಿಟ್ಟಿದ್ದರೆ ವ್ಯೂಫೈಂಡರಿನಲ್ಲಿ ಹಕ್ಕಿಯೇ ಕಾಣದು. 600ರಲ್ಲಿ ಹಕ್ಕಿ ಸಿಗದಿದ್ದರೆ 300ಕ್ಕೆ ಬನ್ನಿ, ಹಿಡಿದಮೇಲೆ ಹಿಗ್ಗಿಸಿ. ಎರಡೂ ಕಣ್ಣು ತೆರೆದು, ದೃಷ್ಟಿ ಹಕ್ಕಿಯಿಂದ ಕೀಳದೆ, ಕ್ಯಾಮೆರಾವನ್ನು ಕಣ್ಣಿಗೆ ತನ್ನಿ.

ಆಸ್ಪ್ರೇ ನೀರಿಗೆ ಬೀಳುವ ಕ್ಷಣ ಸಿಗದಿದ್ದರೆ ಬೇಸರ ಬೇಡ, ಬಟನ್ ಬಿಡಬೇಡಿ. ಮೇಲೆದ್ದು ಕೆಲವು ಸೆಕೆಂಡಿಗೆ ಅದು ಹಾರುತ್ತಲೇ ನಾಯಿಯಂತೆ ಮೈ ಕೊಡವಿ ನೀರು ಚಿಮ್ಮಿಸುತ್ತದೆ, ಆಮೇಲೆ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿ ಹಿಡಿದುಕೊಳ್ಳುತ್ತದೆ. ಬಹಳ ಜನ ಅಷ್ಟರಲ್ಲಿ ಕ್ಯಾಮೆರಾ ಇಳಿಸಿ ಹಿಂದಿನ ಪರದೆ ನೋಡುತ್ತಿರುತ್ತಾರೆ.

ಹಕ್ಕಿ ದೋಣಿಗೆ ತೀರಾ ಹತ್ತಿರ ಬಂದಾಗ ಇನ್ನೊಂದು ಸಂಗತಿ. 600 ಎಂಎಂ, ಎಫ್/6.3, 30 ಮೀಟರ್ ದೂರ: ಕ್ರಾಪ್ ಸೆನ್ಸರಿನಲ್ಲಿ ಚೂಪಾಗಿರುವ ಆಳ ಬರಿ 60 ಸೆಂಟಿಮೀಟರಿನಷ್ಟು. ಕಣ್ಣು ಚೂಪಾಗಿ ಈಚೆ ರೆಕ್ಕೆಯ ತುದಿ ಮಸುಕಾದರೆ ಅದು ದೋಷವಲ್ಲ. ಬೇಡವೆಂದರೆ ಎಫ್/8ಕ್ಕೆ ಹೋಗಿ.

ಪ್ರಶ್ನೆ: ಟ್ರೈಪಾಡ್ ಬೇಕೆ, ಕೈಯೇ ಸಾಕೆ? (ಮೈಸೂರು)

ಎರಡೂಕಾಲು ಕಿಲೋ ಒಳಗಿನ ಲೆನ್ಸಿಗೆ ಕೈ. ಎಡಗೈಯನ್ನು ಲೆನ್ಸಿನ ಮುಂಭಾಗದ ಅಡಿಗೆ ಚಾಚಿ, ಮೊಣಕೈ ಪಕ್ಕೆಗೆ ಒತ್ತಿ, ಸೊಂಟದಿಂದ ತಿರುಗಿ. ಬೆಲ್ಟನ್ನು ಬಾಡಿಗೆ ಕಟ್ಟದೆ ಲೆನ್ಸಿನ ಕಾಲಿಗೆ ಕಟ್ಟಿ, ಇಲ್ಲದಿದ್ದರೆ ಭಾರವೆಲ್ಲ ಮೌಂಟಿನ ಮೇಲೆ. ಎರಡೂಕಾಲು ಕಿಲೋಗಿಂತ ಭಾರವಾದರೆ ಟ್ರೈಪಾಡಿನ ಮೇಲೆ ಲೆನ್ಸನ್ನು ತೊಟ್ಟಿಲಿನಂತೆ ತೂಗಿಸುವ ಗಿಂಬಲ್ ಹೆಡ್. ಬಾಲ್ ಹೆಡ್ ಸಡಿಲಿಸಿ ಹಕ್ಕಿ ಹಿಂಬಾಲಿಸಲು ಹೋದರೆ ಲೆನ್ಸ್ ಧೊಪ್ಪನೆ ವಾಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಗಿಂಬಲ್ ತೂಗಿಸುವುದು ಹೀಗೆ: ಜೂಮನ್ನು ನೀವು ಹೆಚ್ಚು ಬಳಸುವ ಎಂಎಂನಲ್ಲಿಟ್ಟು, ಹುಡ್ ಹಾಕಿ, ಎರಡೂ ಗುಬ್ಬಿ ಸಡಿಲಿಸಿ. ಮೂತಿ ಇಳಿದರೆ ಲೆನ್ಸಿನ ಕಾಲಿನ ಪ್ಲೇಟನ್ನು ಹಿಂದೆ ಸರಿಸಿ, ಎದ್ದರೆ ಮುಂದೆ. ಅಡ್ಡಡ್ಡ ನಿಂತಮೇಲೆ ಮೂತಿಯನ್ನು 45 ಡಿಗ್ರಿ ಎತ್ತಿ ಬಿಡಿ. ಅಲ್ಲೇ ನಿಲ್ಲದೆ ಇನ್ನೂ ಮೇಲಕ್ಕೆ ಉರುಳಿದರೆ ತೊಟ್ಟಿಲನ್ನು ಒಂದಿಷ್ಟು ಇಳಿಸಬೇಕು. ಹೊರಕ್ಕೆ ಚಾಚುವ ಜೂಮ್‌ಗಳಲ್ಲಿ ಎಂಎಂ ಬದಲಾದಾಗ ತೂಕವೂ ಸರಿಯುತ್ತದೆ. ಸೋನಿ 200-600, ನಿಕಾನ್ ಜೆಡ್ 180-600ಗಳಲ್ಲಿ ಜೂಮ್ ಒಳಗೇ ನಡೆಯುವುದರಿಂದ ಆ ರಗಳೆ ಇಲ್ಲ.

ಪ್ರಶ್ನೆ: ಮಗನ ಮನೆಗೆ ಬಂದಿದ್ದೇನೆ. ಇಲ್ಲಿ ಕೊನೊವಿಂಗೊ ಅಣೆಕಟ್ಟಿನಲ್ಲಿ ಬೋಳು ಹದ್ದುಗಳು (ಬಾಲ್ಡ್ ಈಗಲ್) ಸಿಗುತ್ತವೆ ಎನ್ನುತ್ತಾರೆ. ಏನು ಸಿದ್ಧತೆ ಬೇಕು? (ಮೇರಿಲ್ಯಾಂಡ್, ಅಮೆರಿಕ)

ಅದೃಷ್ಟವಂತರು. ಸಸ್ಕ್ವೆಹಾನಾ ನದಿಯ ಆ ಅಣೆಕಟ್ಟಿನ ಕೆಳಗೆ ನವೆಂಬರಿನ ಆಸುಪಾಸು ಬಾಲ್ಡ್ ಈಗಲ್‌ಗಳು ದಂಡುಗಟ್ಟಿ ಸೇರುತ್ತವೆ. ಟರ್ಬೈನ್ ದಾಟಿ ಬಂದ ಮೀನು ಪೆಟ್ಟು ತಿಂದು ಮೇಲೆ ತೇಲುವುದೇ ಕಾರಣ. ನೀರು ಬಿಡುವ ಮುಂಚೆ ಸೈರನ್ ಕೂಗುತ್ತದೆ. ಅದು ಕೇಳಿದಾಗ ಚಹಾದ ಲೋಟ ಕೆಳಗಿಟ್ಟುಬಿಡಿ.

ಹಕ್ಕಿಯ ರೆಕ್ಕೆಯಗಲ ಸುಮಾರು ಎರಡು ಮೀಟರ್. ನದಿಯ ನಡುವಿನ ಮೀನಿಗೆ ಎರಗುವಾಗ ದೂರ 120 ಮೀಟರ್ ಎಂದುಕೊಂಡರೆ, 600 ಎಂಎಂಗೆ ಸೆನ್ಸರಿನ ಮೇಲೆ 10 ಮಿಲಿಮೀಟರ್, 36 ಮಿಲಿಮೀಟರ್ ಅಗಲದ ಫುಲ್ ಫ್ರೇಮಿನ ನಾಲ್ಕನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ಇಲ್ಲಿ ಕ್ರಾಪ್ ಬಾಡಿಯೇ ಸಾಕು. ದೂರದ ಹಕ್ಕಿಯ ಮೇಲೆ ಎಷ್ಟು ಪಿಕ್ಸೆಲ್ ಬೀಳುತ್ತವೆಂಬ ಲೆಕ್ಕದಲ್ಲಿ 45 ಮೆಗಾಪಿಕ್ಸೆಲಿನ ಫುಲ್ ಫ್ರೇಮೂ 20 ಮೆಗಾಪಿಕ್ಸೆಲಿನ ಕ್ರಾಪ್ ಸೆನ್ಸರೂ ಹೆಚ್ಚುಕಡಿಮೆ ಒಂದೇ. ಬಿಳಿ ತಲೆ, ಕಡುಗಂದು ಮೈ: ಬೆಳಕನ್ನು ತಲೆಗೆ ಹೊಂದಿಸಿ, ಮೈಯನ್ನು ಆಮೇಲೆ ಎತ್ತಿಕೊಳ್ಳಿ. ತಲೆ ಕಂದಾಗಿದ್ದರೆ ಬೇರೆ ಹಕ್ಕಿ ಎಂದುಕೊಳ್ಳಬೇಡಿ, ತಲೆ ಪೂರ್ತಿ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು.

ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ, ಹೆಚ್ಚುವರಿಯದನ್ನು ಜಾಕೆಟ್ಟಿನ ಒಳಜೇಬಿನಲ್ಲಿಡಿ. ಲೆನ್ಸನ್ನು ಮಾತ್ರ ಬೆಚ್ಚಗಿಡಬೇಡಿ. ಬಿಸಿ ಕಾರಿನಿಂದ ಇಳಿದ ಲೆನ್ಸಿನ ಮೂತಿಯಲ್ಲೇ ಗಾಳಿ ಕದಡುತ್ತದೆ. ಹೊರಗಿನ ಗಾಳಿಗಿಂತ ಬೆಚ್ಚಗಿರುವ ನದಿಯ ಮೇಲೂ ಅದೇ ಕಾವಿನ ಅಲೆ ಏಳುತ್ತದೆ. ಬಳ್ಳಾರಿಯ ಓದುಗರಿಗೆ ಹೇಳಿದ್ದು ಹಿಮದ ನಾಡಿಗೂ ಸಲ್ಲುತ್ತದೆ. ಮಗನಿಗೆ ಒಂದು ಎಚ್ಚರಿಕೆ: ಅಲ್ಲಿನ ಕಪ್ಪು ರಣಹದ್ದುಗಳಿಗೆ ಕಾರಿನ ವೈಪರ್, ಕಿಟಕಿಯ ರಬ್ಬರ್ ಎಂದರೆ ಬಲು ಪ್ರೀತಿ, ಕಿತ್ತು ಹಾಕುತ್ತವೆ. ಕಾರಿಗೊಂದು ಟಾರ್ಪಾಲು ಒಯ್ಯಿರಿ.

ಪ್ರಶ್ನೆ: ಬಂಡೆಯೊಂದರ ಕಪಾಟಿನಲ್ಲಿ ಬೊನೆಲ್ಲಿ ಈಗಲ್ ಗೂಡು ಕಂಡಿದ್ದೇವೆ. ಎಷ್ಟು ಹತ್ತಿರ ಹೋಗಬಹುದು? ಗೆಳೆಯರು ಡ್ರೋನ್ ಹಾರಿಸೋಣ ಎನ್ನುತ್ತಾರೆ. ಕೋಳಿ ಮಾಂಸ ಇಟ್ಟು ಕರೆಯುವುದು ಸರಿಯೇ? (ರಾಮನಗರ)

ಹೋಗಬೇಡಿ, ಹಾರಿಸಬೇಡಿ, ಇಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಅಭಯಾರಣ್ಯದೊಳಗಾದರೆ ಫೋಟೊ ತೆಗೆಯಲು ಒಳಹೋಗುವುದಕ್ಕೇ ಅರಣ್ಯ ಇಲಾಖೆಯ ಅನುಮತಿ ಬೇಕು. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ ಎಂಬುದು ನಿಮಗೆ ಗೊತ್ತಿರುತ್ತದೆ.

ಕಾನೂನು ಬದಿಗಿರಲಿ. ನಿಮ್ಮನ್ನು ಕಂಡು ತಾಯಿ ಹತ್ತಾರು ನಿಮಿಷ ಗೂಡು ಬಿಟ್ಟರೆ ಬಂಡೆಯ ಬಿಸಿಲಿಗೆ ಮೊಟ್ಟೆ ಬೇಯುತ್ತದೆ, ಮರಿ ಒಣಗುತ್ತದೆ. ಇಷ್ಟು ಮೀಟರ್ ಸರಿ ಎಂಬ ಅಂಕಿ ಇಲ್ಲ, ಹಕ್ಕಿಯೇ ಅಳತೆಗೋಲು: ಕೂತದ್ದು ಎದ್ದು ನಿಂತರೆ, ಕತ್ತು ಚಾಚಿ ನಿಮ್ಮನ್ನೇ ನೋಡಿದರೆ, ಕೂಗುತ್ತ ನಿಮ್ಮ ತಲೆಯ ಮೇಲೆ ಸುತ್ತಿದರೆ, ಆಗಲೇ ಹತ್ತಿರ ಬಂದಾಯಿತು, ಹಿಂದಿರುಗಿ. ಡ್ರೋನನ್ನು ಈಗಲ್ ಎದುರಾಳಿ ಎಂದು ತಿಳಿದು ಎರಗುತ್ತದೆ, ರೆಕ್ಕೆಗೆ ಬ್ಲೇಡ್ ತಾಗಿದರೆ ಅದರ ಬದುಕು ಮುಗಿಯಿತು. ಮಾಂಸಕ್ಕೆ ಒಗ್ಗಿದ ಹಕ್ಕಿ ಜನರ ಹತ್ತಿರ, ರಸ್ತೆಯ ಹತ್ತಿರ ಇಳಿಯಲು ಕಲಿಯುತ್ತದೆ. ಜೀವಂತ ಇಲಿ, ಕೋಳಿಮರಿ ಕಟ್ಟಿ ತೆಗೆದ ಫೋಟೊಗಳನ್ನು ನಾವು ಸ್ಪರ್ಧೆಗಳಲ್ಲಿ ಪಕ್ಕಕ್ಕಿಡುತ್ತೇವೆ. ಹಕ್ಕಿಯ ನೋಟವೂ ನೆಲದ ತಯಾರಿಯೂ ಗುಟ್ಟು ಬಿಟ್ಟುಕೊಡುತ್ತವೆ.

ಮರಿ ಹಾರಲು ಕಲಿತಮೇಲೆ ವಾರಗಟ್ಟಲೆ ಅದೇ ಬಂಡೆಗಳ ಸುತ್ತ ತಂದೆತಾಯಿಯ ಹಿಂದೆ ಹಾರುತ್ತದೆ. ಆಗ ಎದುರು ಬೆಟ್ಟದ ದಾರಿಯಲ್ಲಿ ಬೆಳಿಗ್ಗೆ ಕೂತರೆ ಗೂಡಿನ ಫೋಟೊಕ್ಕಿಂತ ಒಳ್ಳೆಯದೇ ಸಿಗುತ್ತದೆ. ಅಲ್ಲಿಯವರೆಗೆ ಗೂಡಿನ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಮೊಬೈಲಿನಲ್ಲಿ ತೆಗೆದ ಚಿತ್ರದ ಲೊಕೇಶನ್ ಅಳಿಸಿ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿನೊಳಗೆ ಬೂಜು. ಬ್ಯಾಗಿನಲ್ಲಿ ಜೋಪಾನವಾಗಿಯೇ ಇಟ್ಟಿದ್ದೆ. (ಮಡಿಕೇರಿ)

ಬ್ಯಾಗೇ ಕಾರಣ. ಸ್ಪಂಜೂ ಬಟ್ಟೆಯೂ ತೇವ ಹೀರಿ ಕೂರುತ್ತವೆ, ಬೂಜಿಗೆ ಬೇಕಾದದ್ದು ತೇವ ಮತ್ತು ಕತ್ತಲೆ. ಡ್ರೈ ಕ್ಯಾಬಿನೆಟ್ ಕೊಳ್ಳುವುದಾದರೆ ತೇವಾಂಶವನ್ನು 40ರಿಂದ 50 ಶೇಕಡಕ್ಕೆ ಇಡಿ; ಅದಕ್ಕಿಂತ ತೀರಾ ಒಣಗಿಸಿದರೆ ರಬ್ಬರಿಗೆ ಒಳ್ಳೆಯದಲ್ಲ. ಇಲ್ಲವಾದರೆ ರಬ್ಬರ್ ಅಂಚಿನ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಕಾಲು ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್ ಸಾಕು. ಕಿತ್ತಳೆ ಹರಳು ಹಸಿರಾದಾಗ 110-120 ಡಿಗ್ರಿ ಓವನ್ನಿನಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ, ಆರಿದಮೇಲೆ ಡಬ್ಬಕ್ಕೆ ಹಾಕಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಪಾತ್ರೆಯಲ್ಲಿ ಕಾಯಿಸಬೇಡಿ. ಸಿಲಿಕಾ ಬದಲು ಅಕ್ಕಿ ಹಾಕಿಡುವವರು ಲೆನ್ಸಿಗೆ ಹಿಟ್ಟಿನ ಧೂಳು ತಿನ್ನಿಸುತ್ತಿದ್ದಾರೆ.

ಈಗ ಬಂದಿರುವ ಬೂಜು ಅಂಚಿನಲ್ಲಿ ಸಣ್ಣದಾಗಿದ್ದರೆ ಫೋಟೊದಲ್ಲಿ ಕಾಣದು, ಆದರೆ ಬೆಳೆಯುತ್ತದೆ; ಬಿಚ್ಚಿ ತೊಳೆಯುವ ತಂತ್ರಜ್ಞರಿಗೆ ಬೇಗ ಕೊಡಿ, ಗಾಜಿನ ಲೇಪವನ್ನು ತಿಂದಮೇಲೆ ತೊಳೆದರೂ ಕಲೆ ಹೋಗದು. ಅಲ್ಲಿಯವರೆಗೆ ಅದನ್ನು ಉಳಿದ ಲೆನ್ಸುಗಳ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ.